ಚೊಚ್ಚಲು ಮಕ್ಕಳ ಟೀಮು

ಮದುವೆಯಾಗಿ ಟಿ. ನರಸೀಪುರಕ್ಕೆ ಬಂದ ಮೊದಲ ವರ್ಷವೇ ನನಗೂ ನಮ್ಮ ಅತ್ತೆಗೂ ಫುಟ್‌ಬಾಲಿನ ಮೇಲೆ ಜಗಳವಾಯಿತು. ಅತ್ತೆ ಸೊಸೆಯರು ಸಾರಿನ ಮೇಲೆ, ಸೀರೆಯ ಮೇಲೆ ಜಗಳವಾಡುವುದನ್ನು ಲೋಕ ಕಂಡಿದೆ. ನಾವು ಆಡಿದ್ದು ಚೆಂಡಿನ ಮೇಲೆ.

ಆಗಷ್ಟೇ ಸುಗ್ಗಿ ಮುಗಿದಿತ್ತು. ಪ್ರತಿವರ್ಷ ಆ ಹೊತ್ತಿಗೆ ನರಸೀಪುರದ ಹೈಸ್ಕೂಲ್ ಮೈದಾನದಲ್ಲಿ ಸುತ್ತಲಿನ ಊರುಗಳ ಟೀಮುಗಳನ್ನು ಕರೆಸಿ ಟೂರ್ನಮೆಂಟ್ ಆಡಿಸುತ್ತಿದ್ದರು. ನನ್ನ ತವರು ನಂಜನಗೂಡಿನ ಟೀಮು ಅಲ್ಲಿಗೆ ತಪ್ಪದೆ ಬರುತ್ತಿತ್ತು. ಅವತ್ತು ನಾನು ಬೆಳಿಗ್ಗೆಯೇ ಕೆಲಸವೆಲ್ಲ ಮುಗಿಸಿ, ಹೂ ಮುಡಿದು ಹೊರಟು ನಿಂತೆ. ಅತ್ತೆ ಪಡಸಾಲೆಯಲ್ಲಿ ಕೂತು ಅಕ್ಕಿ ಕೇರುತ್ತಿದ್ದರು.

"ಎಲ್ಲಿಗವ್ವ ಸವಾರಿ?" ಅಂದರು.

"ಮ್ಯಾಚ್ ನೋಡಕ್ಕೆ ಅತ್ತೆ. ನಂಜನಗೂಡ್ನೋರು ಬಂದವ್ರೆ."

"ಓಗಿ ಯಾರ್ ಕಡೆ ನಿಂತ್ಕತೀಯ?"

"ನಮ್ಮೂರ್ ಕಡೆ."

ಅತ್ತೆ ಮೊರವನ್ನು ಕೆಳಗಿಟ್ಟರು. "ನಿಮ್ಮೂರು ಇನ್ಮ್ಯಾಕೆ ಇದೇ ಕಣವ್ವ. ಕೊಟ್ಟ ಎಣ್ಣು ಕುಲಕ್ಕೆ ಒರಗು. ಅದ ಮೊದ್ಲು ಕಲ್ತ್ಕೊ."

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಈ ಗಾದೆಯನ್ನು ಮಾಡಿದವನು ಯಾರೋ ಗಂಡಸೇ ಇರಬೇಕು. ಆದರೆ ಅದನ್ನು ನಮಗೆ ಹೇಳಿಕೊಡುವವರು ಯಾವಾಗಲೂ ಹೆಂಗಸರೇ. ನನಗೆ ಮೈಯೆಲ್ಲ ಉರಿಯಿತು. ಹೊಸ ಸೊಸೆ ಎದುರು ಮಾತಾಡಬಾರದು ಎಂದು ಅವ್ವ ಬುದ್ಧಿ ಹೇಳಿ ಕಳಿಸಿದ್ದಳು. ಎದುರು ಮಾತಾಡಲಿಲ್ಲ. "ನನ್ನ ಕೊಟ್ಟವ್ರೆ ಅತ್ತೆ, ಟೀಮ್ ಕೊಟ್ಟಿಲ್ಲ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡೆ.

ಅವತ್ತು ಸಂಜೆ ನನ್ನ ತಟ್ಟೆಗೆ ಸಾರು ಬೀಳಲಿಲ್ಲ. ಬರೀ ಮುದ್ದೆ ತಿಂದೆ. ಮ್ಯಾಚು ನಾವು ಗೆದ್ದಿದ್ದೆವು, ಮುದ್ದೆ ಸಲೀಸಾಗಿ ಒಳಗೆ ಹೋಯಿತು.

ಆ ಟೀಮಿನ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಅಪ್ಪ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಊರಿನ ಹುಡುಗರೆಲ್ಲ ಕ್ರಿಕೆಟ್ ಬ್ಯಾಟು ಹಿಡಿದು ಓಡಾಡುತ್ತಿದ್ದರೆ, ಹಳ್ಳಿಗಳ ಕಡೆ ಕಬಡ್ಡಿ ಬಿಟ್ಟರೆ ಬೇರೆ ಆಟವಿಲ್ಲದಿದ್ದರೆ, ನಮ್ಮ ಬೀದಿಯಲ್ಲಿ ಮಾತ್ರ ಫುಟ್‌ಬಾಲು. ಕಾರ್ಖಾನೆಗೆ ಮೈಸೂರಿನಿಂದ ಬರುತ್ತಿದ್ದ ಯಾರೋ ಇಬ್ಬರು ಅದನ್ನು ಹತ್ತಿಸಿ ಹೋದರಂತೆ. ಅವರು ಹೋದರು, ಆಟ ಉಳಿಯಿತು. ಅಪ್ಪ ಬ್ಯಾಕ್ ಆಡುತ್ತಿದ್ದ, ಅಂದರೆ ಗೋಲಿನ ಮುಂದೆ ನಿಂತು ಬಂದದ್ದನ್ನೆಲ್ಲ ತಡೆಯುವ ಜಾಗ. ಜನ್ಮದಲ್ಲಿ ಒಂದು ಗೋಲು ಹೊಡೆದವನಲ್ಲ. ಮಂಡಿ ಹೋದ ಮೇಲೆ ಆಟ ಬಿಟ್ಟು ಟೀಮಿನ ಮೇಲುಸ್ತುವಾರಿಗೆ ನಿಂತ.

ಹೆಣ್ಣುಮಕ್ಕಳು ಗ್ರೌಂಡಿಗೆ ಹೋಗುವ ಪದ್ಧತಿ ಇರಲಿಲ್ಲ. ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಅರ್ಧ ಆಟ ಆದಾಗ ಎಲ್ಲರಿಗೂ ಬಾಳೆಹಣ್ಣು ಹಂಚುವ ಕೆಲಸ ನನ್ನದು. ಟೀಮಿನ ಅಂಗಿ ಹಸಿರು. ಬಿಳಿ ಬನಿಯನ್ನುಗಳನ್ನು ತಂದು ಅವ್ವನೇ ಹಂಡೆಯಲ್ಲಿ ಹಸಿರು ಬಣ್ಣ ಕದಡಿ ಅದ್ದಿ ತೆಗೆದಿದ್ದಳು. ಮೊದಲ ಮ್ಯಾಚಿನಲ್ಲೇ ಬೆವರಿಗೆ ಬಣ್ಣ ಬಿಟ್ಟು ಅಪ್ಪನದೂ ಸೇರಿ ಆಟಗಾರರ ಕತ್ತು, ಕಂಕುಳು ಎಲ್ಲ ಹಸಿರಾಗಿ, ಎದುರಿನವರು ಬಿದ್ದು ಬಿದ್ದು ನಕ್ಕರು. ಅಪ್ಪನಿಗೆ ಅವಮಾನವೆನಿಸಲಿಲ್ಲ. "ನಗ್ಲಿ ಬುಡು. ಗೆಲ್ಲೋದು ಸೋಲೋದು ಆಮ್ಯಾಕೆ. ಮೊದ್ಲು ಅನ್ನೊಂದ್ ಜನ ನಿಂತ್ಕಬೇಕು" ಎಂದ.

ಆ ಮಾತನ್ನು ಅವನು ಸಾಯುವವರೆಗೂ ಹೇಳಿದ. ಮಳೆ ಬಂದರೂ ಹೇಳಿದ, ಕಾರ್ಖಾನೆಯಲ್ಲಿ ಓವರ್‌ಟೈಮ್ ಎಂದು ಯಾರಾದರೂ ಕೈ ಕೊಟ್ಟರೂ ಹೇಳಿದ. ಹತ್ತು ಜನರನ್ನು ಕಟ್ಟಿಕೊಂಡು ಗೆದ್ದ ಮ್ಯಾಚನ್ನು ಅವನು ಗೆಲುವು ಎಂದು ಒಪ್ಪುತ್ತಲೇ ಇರಲಿಲ್ಲ. ಗೆದ್ದೆವಲ್ಲಪ್ಪ ಎಂದರೆ ಮುಖ ಸಿಂಡರಿಸಿಕೊಂಡು, ಹನ್ನೊಂದನೆಯವನ ಮನೆಗೆ ಹೋಗಿ ಬೈದು ಬರುತ್ತಿದ್ದ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನನ್ನ ಅವ್ವ ಮೂಗೂರಿನವಳು. ಮೂಗೂರು ಇರುವುದು ನರಸೀಪುರ ತಾಲ್ಲೂಕಿನಲ್ಲಿ. ನಮ್ಮ ಕಡೆ ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳೋ ಒಂಬತ್ತನೇ ತಿಂಗಳೋ ಬಸುರಿಯನ್ನು ತವರಿನವರು ಕರೆದುಕೊಂಡು ಹೋಗುತ್ತಾರೆ, ಹೆರಿಗೆ ಬಾಣಂತನ ಮುಗಿಸಿ ಮಗುವಿನ ಸಮೇತ ಕಳಿಸುತ್ತಾರೆ. ಹಾಗಾಗಿ ಮೊದಲನೆಯವಳಾದ ನಾನು ಹುಟ್ಟಿದ್ದು ಮೂಗೂರಿನ ಅಜ್ಜಿಯ ಮನೆಯಲ್ಲಿ. ನನ್ನ ತಮ್ಮ ಹುಟ್ಟಿದ್ದು ನಂಜನಗೂಡಿನಲ್ಲಿ. ಇದರಲ್ಲಿ ಹೇಳುವಂಥದ್ದೇನೋ ಇದೆ ಎಂದು ಆಗ ಯಾರಿಗೂ ಅನಿಸಿರಲಿಲ್ಲ.

ನರಸೀಪುರದ ಮನೆಯಲ್ಲಿ ನನ್ನ ಎದುರಾಳಿ ಅತ್ತೆಯಲ್ಲ, ಭಾವ. ನನ್ನ ಗಂಡನ ಅಣ್ಣ. ಆತ ನರಸೀಪುರದ ಟೀಮಿನ ಸೆಕ್ರೆಟರಿ, ಟೂರ್ನಮೆಂಟು ನಡೆಸುವವನೂ ಅವನೇ. ಕೆಟ್ಟ ಮನುಷ್ಯನಲ್ಲ. ಬೇಸಿಗೆಯಲ್ಲಿ ಮೈದಾನಕ್ಕೆ ಕೊಡದಲ್ಲಿ ನೀರು ಹೊತ್ತು ಚೆಲ್ಲುತ್ತಿದ್ದ, ಸುಣ್ಣ ಕಲಸಿ ತಾನೇ ಬಗ್ಗಿ ಗೆರೆ ಎಳೆಯುತ್ತಿದ್ದ. ನಮ್ಮಪ್ಪನ ಜಾತಿಯದೇ ಹುಚ್ಚು, ಬಣ್ಣ ಮಾತ್ರ ನೀಲಿ. ಊಟಕ್ಕೆ ಕೂತಾಗ ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತಿತ್ತು.

"ನಿಮ್ಮೋರ್ದು ಆಟನಾ ಅದು? ಕೆರೆಗೆ ಬಿದ್ದ ಎಮ್ಮೆ ಓಡ್ದಂಗೆ ಓಡ್ತಾರೆ" ಎನ್ನುತ್ತಿದ್ದ.

"ಏನ್ಮಾಡದು ಭಾವ. ನಾವು ಸ್ನಾನ ಮಾಡಿ ಬುಟ್ಟ ಕಪಿಲೆ ನೀರು ತಾನೆ ನಿಮ್ಮೂರ್ಗೆ ಬರದು. ಅದ ಕುಡ್ದೂ ನಿಮ್ಗೆ ಆಟ ಬರ್ಲಿಲ್ವಲ್ಲ" ಎನ್ನುತ್ತಿದ್ದೆ.

ನನ್ನ ಗಂಡನಿಗೆ ಫುಟ್‌ಬಾಲ್ ಎಂದರೆ ನಿದ್ದೆ. ಆತ ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದ. ಅತ್ತೆ ಮಾತ್ರ ನಡುವೆ ಗಾದೆಯನ್ನು ತೂರಿಸುತ್ತಿದ್ದರು. ಅವರು ಸುತ್ತೂರಿನ ಹೆಣ್ಣುಮಗಳು ಎಂದು ನನಗೆ ತಿಳಿದದ್ದೇ ಎಷ್ಟೋ ವರ್ಷಗಳ ಮೇಲೆ, ಅದೂ ಪಕ್ಕದ ಮನೆಯವರ ಬಾಯಿಂದ. ಅಪ್ಪ ಅಮ್ಮ ಹೋದ ಮೇಲೆ ಅಣ್ಣತಮ್ಮಂದಿರು ಕರೆಯಲಿಲ್ಲ, ಇವರು ಹೋಗಲಿಲ್ಲ. ತವರಿನ ಸುದ್ದಿಯನ್ನೇ ಅವರು ಎತ್ತುತ್ತಿರಲಿಲ್ಲ. ನಂಜನಗೂಡಿನ ಬಸ್ಸು ಆ ಕಡೆಯಿಂದಲೇ ಬಂದರೂ ಅದರ ಕಡೆ ಒಂದು ದಿನ ಕತ್ತೆತ್ತಿ ನೋಡಿದವರಲ್ಲ.

ನಾನು ವರ್ಷಾವರ್ಷ ಗ್ರೌಂಡಿಗೆ ಹೋದೆ. ಬಸುರಿಯಾಗಿದ್ದಾಗ ಹೋದೆ, ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಹೋದೆ. ನಂಜನಗೂಡಿನವರ ಕಡೆ ಕೂತು ಗಂಟಲು ಹರಿಯುವಂತೆ ಕೂಗಿದೆ. ಊರಿನ ಗಂಡಸರು ಮೊದಲು ನಕ್ಕರು, ಆಮೇಲೆ ಬೈದರು, ಆಮೇಲೆ ಸುಮ್ಮನಾದರು. "ಸೆಕ್ರೆಟರಿ ಮನೆ ಸೊಸೆ ಬಂದ್ಲು, ಜಾಗ ಬುಡ್ರಿ" ಎಂದು ಸರಿದು ಕೂರುವಷ್ಟರ ಮಟ್ಟಿಗೆ ಅಭ್ಯಾಸವಾಯಿತು. ಜೊತೆಗೆ ಮನೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಬ್ಲೌಸ್ ಹೊಲಿಯಲು ಶುರು ಮಾಡಿದ್ದೆ. ಅಪ್ಪ ಹೋದ ಮೇಲೆ ಟೀಮಿನ ಹಸಿರು ಅಂಗಿಗಳನ್ನೂ ನಾನೇ ಹೊಲಿದು ಕಳಿಸತೊಡಗಿದೆ. ಬಣ್ಣ ಬಿಡದ ಬಟ್ಟೆ ಹುಡುಕಿ ತಂದಿದ್ದೆ.

ಇಸವಿ ಎರಡು ಸಾವಿರ ದಾಟಿ ಕೆಲವು ವರ್ಷಗಳಾದ ಮೇಲೆ ನಮ್ಮ ಟೀಮಿಗೆ ಕುತ್ತು ಬಂತು. ಟೀಮನ್ನು ಆಗ ನೋಡಿಕೊಳ್ಳುತ್ತಿದ್ದವನು ನನ್ನ ತಮ್ಮ. ಊರಿನ ಹುಡುಗರು ಕ್ರಿಕೆಟ್ಟಿಗೋ ಟಿವಿಗೋ ಹೋದರು. ಉಳಿದವರಿಗೆ ಕಾರ್ಖಾನೆಗಳಲ್ಲಿ ಶಿಫ್ಟು. ತಮ್ಮ ಬಿಡಲಿಲ್ಲ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸಕ್ಕೆಂದು ಬೇರೆ ಕಡೆಯಿಂದ ಬಂದು ಬಾಡಿಗೆ ರೂಮುಗಳಲ್ಲಿದ್ದ ಹುಡುಗರನ್ನು ಸೇರಿಸಿಕೊಂಡು ಟೀಮು ತುಂಬಿಸಿದ. ಅವರಲ್ಲಿ ಇಬ್ಬರು ಮೂವರು ಚೆನ್ನಾಗಿ ಆಡುವವರಿದ್ದರು. ಅವರು ಬಂದ ವರ್ಷ ನಂಜನಗೂಡು ನರಸೀಪುರವನ್ನು ಅದರ ಮೈದಾನದಲ್ಲೇ ಚಿಂದಿ ಮಾಡಿಬಿಟ್ಟಿತು. ಭಾವ ಒಂದು ವಾರ ನನ್ನ ಜೊತೆ ಮಾತು ಬಿಟ್ಟ.

ಮುಂದಿನ ವರ್ಷ ಟೂರ್ನಮೆಂಟಿಗೆ ಇನ್ನೂ ದಿನಗಳಿರುವಾಗ ಊಟಕ್ಕೆ ಕೂತ ಭಾವ ನನ್ನ ಗಂಡನಿಗೆ ಹೇಳಿದಂತೆ ಮಾಡಿ ನನಗೆ ಕೇಳಿಸಿದ. "ಈ ಸಾರಿ ಒಸಾ ರೂಲ್ಸು. ಆಡೋನು ಅವನವನ ತಾಲ್ಲೂಕಲ್ಲೇ ಉಟ್ಟಿರ್ಬೇಕು. ರೂಮ್ ಮಾಡ್ಕಂಡಿದ್ದೀನಿ, ಫ್ಯಾಕ್ಟ್ರಿಲಿದ್ದೀನಿ ಅನ್ನೋದೆಲ್ಲ ನಡೆಯಕ್ಕಿಲ್ಲ. ಉಟ್ಟಿದ ಊರೇ ಊರು. ಕಮಿಟಿ ಒಪ್ಪಾಗದೆ."

ನಾನು ಸೌಟನ್ನು ಪಾತ್ರೆಗೆ ಕುಕ್ಕಿದೆ. ಗಂಡ ಮೆಲ್ಲಗೆ, "ಏನಾರ ಮಾಡ್ಕೊ, ಅಣ್ಣನ ಸಾರ್ಗೆ ಮಾತ್ರ ಉಪ್ಪು ಸರ್ಯಾಗಾಕು" ಎಂದ.

ಎರಡು ದಿನ ಕಳೆದು ತಮ್ಮ ಫೋನ್ ಮಾಡಿದ. ದನಿ ಸತ್ತುಹೋಗಿತ್ತು.

"ಅಕ್ಕ, ಈ ಸಾರಿ ಆಗಕ್ಕಿಲ್ಲ ಕಣಕ್ಕ. ನಮ್ ತಾಲ್ಲೂಕಲ್ಲಿ ಉಟ್ಟಿ ಆಟ ಆಡೋರು ಏಳ್ ಜನ ಅವ್ರೆ ಅಷ್ಟೆ. ರೂಮಿನ ಉಡುಗ್ರು ಆಡಂಗಿಲ್ಲ. ಇನ್ನಿಬ್ರು ನಮ್ಮೂರೋರೇ, ಆದ್ರೆ ಉಟ್ಟಿದ್ದು ಗುಂಡ್ಲುಪೇಟೆ ಕಡೆ, ಅಜ್ಜಿ ಮನೇಲಿ. ನಾಳೆ ಅದ್ಕೂ ಜಗಳ ತೆಗೀತಾರೆ."

"ಏಳ್ ಜನನೇ ಬನ್ನಿ."

"ಏಳ್ ಜನಕ್ಕೆ ಆಡ್ಸಕ್ಕಿಲ್ಲ ಅಂತ ಬರ್ದವ್ರೆ. ಈ ಸಾರಿ ತಪ್ಪುಸ್ಕಂಡ್ರೆ ಬರೋ ವರ್ಸ ಕರೆಯಕ್ಕಿಲ್ಲ. ಆಡಕ್ಕೆ ಒಂದ್ ಟೂರ್ನಮೆಂಟೂ ಇಲ್ದ ಮ್ಯಾಲೆ ಟೀಮ್ ಯಾಕೆ? ನೆಟ್ಟು, ಚೆಂಡು, ಅಂಗಿ ಎಲ್ಲನೂವೆ ಯಾವ್ದಾರ ಸ್ಕೂಲ್ಗೆ ಕೊಟ್ಬುಡಾನ ಅಂತಿದ್ದೀನಿ."

ಅಪ್ಪ ಸತ್ತಾಗ ಬಾರದಷ್ಟು ಸಿಟ್ಟು ನನಗೆ ಆಗ ಬಂತು. ಸತ್ತವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಇವನು ಬದುಕಿದ್ದುಕೊಂಡು ಅಪ್ಪನ ಅಂಗಿ ದಾನ ಕೊಡುತ್ತೇನೆ ಎನ್ನುತ್ತಿದ್ದಾನೆ. "ಒಂದ್ ಅಂಗಿ ಆಚೆ ಓದ್ರೆ ನಿನ್ನ ಕಾಲು ಮುರೀತೀನಿ. ಏಳ್ ಜನನ ಇಡ್ಕೊಂಡಿರು. ಮಿಕ್ಕಿದ್ದು ನಾನು ನೋಡ್ಕತೀನಿ" ಎಂದು ಫೋನ್ ಇಟ್ಟೆ. ಏನು ನೋಡಿಕೊಳ್ಳುತ್ತೇನೆ ಎಂದು ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಒಬ್ಬಾಕೆ ಬ್ಲೌಸ್ ಅಳತೆ ಕೊಡಲು ಬಂದಳು. ಆಕೆಯ ಮಗ ನರಸೀಪುರದ ನೀಲಿ ಟೀಮಿನಲ್ಲಿ ಬ್ಯಾಕ್ ಆಡುತ್ತಿದ್ದ. ಆಕೆಯ ತವರು ನಂಜನಗೂಡು. ಬ್ಲೌಸ್ ಹೊಲಿಯುವವಳಿಗೆ ಊರಿನ ಹೆಂಗಸರ ತವರುಗಳೆಲ್ಲ ಗೊತ್ತಿರುತ್ತವೆ. ಗೌರಿ ಹಬ್ಬಕ್ಕೆ ತವರಿನಿಂದ ಬಂದ ಸೀರೆಗೆ ಬ್ಲೌಸ್ ಹೊಲಿಸಲು ಬಂದವರು ಸೀರೆಗಿಂತ ಮುಂಚೆ ತವರನ್ನು ಬಿಚ್ಚಿ ತೋರಿಸುತ್ತಾರೆ. ತೋಳಿನ ಅಳತೆ ಹಿಡಿದುಕೊಂಡೇ ಕೇಳಿದೆ.

"ಅಕ್ಕ, ನಿಮ್ಮ ದೊಡ್ಡೋನು ಉಟ್ಟಿದ್ದು ಎಲ್ಲಿ?"

"ಇನ್ನೆಲ್ಲಿ ಕಣವ್ವ. ಚೊಚ್ಚಲು ಅಲ್ವಾ? ನಂಜನಗೂಡಲ್ಲೇ, ಸರ್ಕಾರಿ ಆಸ್ಪತ್ರೇಲಿ. ನಮ್ಮವ್ವ ಮೂರ್ ತಿಂಗ್ಳು ಬಾಣಂತನ ಮಾಡುದ್ಲು."

ನಮ್ಮ ಭಾವ ಮಹಾ ಬುದ್ಧಿವಂತನಂತೆ ರೂಲ್ಸ್ ಬರೆದಿದ್ದ. ಕಮಿಟಿಯಲ್ಲಿ ಕೂತವರೆಲ್ಲ ಗಂಡಸರು. ಮಕ್ಕಳು ಎಲ್ಲಿ ಬೆಳೆಯುತ್ತಾರೆ ಎಂದು ಅವರಿಗೆ ಗೊತ್ತು, ಎಲ್ಲಿ ಹುಟ್ಟುತ್ತಾರೆ ಎಂದು ಒಬ್ಬನಿಗೂ ನೆನಪಾಗಿರಲಿಲ್ಲ. ಹೆರಿಗೆಯ ಹೊತ್ತಿಗೆ ಹೆಂಡತಿಯನ್ನು ಬಸ್ಸು ಹತ್ತಿಸಿ, ಗಂಡೋ ಹೆಣ್ಣೋ ಎಂಬ ಸುದ್ದಿ ಬರುವವರೆಗೆ ಬೀಡಿ ಸೇದುತ್ತ ಕೂತವರು ಅವರು. ನನ್ನ ತಮ್ಮ ಪ್ರಾಮಾಣಿಕ, ಕೂತು ಎಣಿಸಿದ್ದ. ಭಾವ ಎಣಿಸಿಯೇ ಇರಲಿಲ್ಲ.

ಅವತ್ತಿನಿಂದ ನಾನು ಮಿಷನ್ ತುಳಿಯುವುದನ್ನು ಬಿಟ್ಟು ಮನೆ ಮನೆ ತುಳಿದೆ. ನಂಜನಗೂಡು ತಾಲ್ಲೂಕಿನಿಂದ ಬಂದ ಹೆಣ್ಣುಮಕ್ಕಳು, ಚೊಚ್ಚಲು ಗಂಡಾದವರು, ಆ ಗಂಡು ಚೆಂಡು ಒದೆಯುವವನಾದವರು. ನಾಲ್ಕು ಮನೆ ಸಿಕ್ಕವು. ನಾಲ್ಕೇ ಬೇಕಿತ್ತು. ಇಬ್ಬರು ನೀಲಿ ಟೀಮಿನಲ್ಲಿ ಆಡುವವರು, ಇಬ್ಬರು ಅದೇ ಟೀಮಿನ ಅಂಗಿ ಹಾಕಿಕೊಂಡು ಗೆರೆಯ ಹೊರಗೆ ಕೂತು ಕೂತು ಬೇರು ಬಿಟ್ಟವರು. ಹುಡುಗರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ರೂಲ್ಸ್ ಪ್ರಕಾರ ನೀವು ಇಲ್ಲಿ ಆಡುವ ಹಾಗೇ ಇಲ್ಲ, ಅಲ್ಲಿ ಆಡಬಹುದು ಎಂದೆ. ಕೂತವರಿಬ್ಬರು ಕುಣಿದರು. ಆಡುವವರು ತಲೆ ಕೆರೆದುಕೊಂಡು, ಆಟ ಆಡಿದರೆ ಸಾಕು ಎಂದರು.

ಕಷ್ಟವಾದದ್ದು ತಾಯಂದಿರನ್ನು ಒಪ್ಪಿಸುವುದು. "ಗಂಡ ಬಯ್ತಾನೆ ಕಣವ್ವ." "ನಾವು ಎಂಗಸ್ರು ಗ್ರೌಂಡಿಗೆ ಬಂದು ಏನಂತ ನಿಂತ್ಕಳದು?" "ನಂಗ್ಯಾಕವ್ವ ನಂಜನಗೂಡು, ಬುಟ್ಟು ಬಂದು ಎಷ್ಟ್ ಕಾಲಾಯ್ತು."

ಕಡೆಯ ಮಾತಿಗೆ ನಾನು ರೇಗಿದೆ. "ಅಲ್ಲಿ ಬಿದ್ದು ಒದ್ದಾಡಿ ಒಂದ್ ಜೀವ ಎತ್ತಿದ್ದೀರಲ್ಲಕ್ಕ. ಅದ್ನ ಬುಟ್ ಬಂದ್ರಾ?" ಎಂದೆ. ಆಕೆ ಒಳಗೆ ಹೋಗಿ ಕಾಫಿ ತಂದು ಕೊಟ್ಟು, ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದಳು.

ಇಷ್ಟೆಲ್ಲ ನಡೆಯುವಾಗ ಅತ್ತೆ ಪಡಸಾಲೆಯಲ್ಲೇ ಇರುತ್ತಿದ್ದರು. ಹೆಂಗಸರು ಬಂದು ಹೋಗುವುದು, ಪಿಸುಮಾತು, ನಾನು ರಾತ್ರಿ ಹಗಲು ಹಸಿರು ಅಂಗಿ ಹೊಲಿಯುವುದು ಎಲ್ಲವನ್ನೂ ನೋಡಿದರು. ಇನ್ನೇನು ಮಗನಿಗೆ ಹೇಳುತ್ತಾರೆ ಎಂದು ನಾನು ದಿನಾ ಕಾದೆ. ಅವರು ಹೇಳಲಿಲ್ಲ. ಗಾದೆಯನ್ನೂ ಹೇಳಲಿಲ್ಲ.

ಟೂರ್ನಮೆಂಟಿನ ದಿನ ತಮ್ಮ ಏಳು ಜನರೊಂದಿಗೆ ಟೆಂಪೋದಲ್ಲಿ ಬಂದಿಳಿದ. ಮೈದಾನದ ಅಂಚಿನಲ್ಲಿ ಶಾಮಿಯಾನ, ಅದರಡಿ ಮೇಜು, ಮೇಜಿನ ಮೇಲೆ ಮೈಕು, ಮೈಕಿನ ಹಿಂದೆ ಭಾವ. ಮೊದಲ ಮ್ಯಾಚೇ ನಂಜನಗೂಡಿಗೂ ನರಸೀಪುರಕ್ಕೂ. ಏಳು ಹಸಿರು ಅಂಗಿಗಳನ್ನು ನೋಡಿ ಭಾವನ ಮುಖ ಅರಳಿತು. ಅಷ್ಟರಲ್ಲಿ ಸ್ಕೂಲಿನ ಹಿಂದಿನಿಂದ ಇನ್ನು ನಾಲ್ಕು ಹಸಿರು ಅಂಗಿಗಳು ಬಂದವು. ಅವುಗಳ ಒಳಗೆ ಇದ್ದವರು ನರಸೀಪುರದ ಹುಡುಗರು. ನೀಲಿಯವರು ಬಾಯಿ ಬಿಟ್ಟುಕೊಂಡು ನಿಂತರು.

"ಏನ್ರುಲಾ ಇದು? ಬಿಚ್ರುಲಾ ಅಂಗಿಯ!" ಭಾವ ಮೈಕಿನಲ್ಲೇ ಕಿರುಚಿದ.

ಹುಡುಗರು ನನ್ನ ಕಡೆ ನೋಡಿದರು. ನಾನು ಎದ್ದು ಹೋಗಿ ಮೇಜಿನ ಮುಂದೆ ನಿಂತೆ.

"ಭಾವ, ನಿಮ್ಮ ರೂಲ್ಸೇ. ಉಟ್ಟಿದ ಊರೇ ಊರು. ಈ ನಾಲ್ಕ್ ಜನನೂ ಉಟ್ಟಿದ್ದು ನಂಜನಗೂಡು ತಾಲ್ಲೂಕಲ್ಲಿ. ಚೊಚ್ಚಲು ಮಕ್ಳು."

"ಯಾರೇಳಿದ್ದು?"

"ಎತ್ತೋರು ಏಳ್ತಾರೆ."

ಬೇವಿನ ಮರದ ಕೆಳಗೆ ನಾಲ್ವರು ಹೆಂಗಸರು ನಿಂತಿದ್ದರು. ಸೆರಗು ಹೊದ್ದು, ಒಬ್ಬರ ಹಿಂದೆ ಒಬ್ಬರು ಅವಿತುಕೊಂಡು. ನನ್ನ ಹತ್ತಿರ ಅಳತೆ ಕೊಟ್ಟಿದ್ದಾಕೆ ಮೊದಲು ಮುಂದೆ ಬಂದಳು. "ನಮ್ಮವ್ವನ ಮನೆ ನಂಜನಗೂಡು ಸಾ. ಅಲ್ಲೇ ಎರಿಗೆ ಆಗಿದ್ದು" ಎಂದಳು. ಉಳಿದವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ತವರು ಹೇಳಿದರು. ಮೈದಾನದಲ್ಲಿದ್ದ ಅವರ ಗಂಡಂದಿರಿಗೆ ನಗುವುದೋ ಬಯ್ಯುವುದೋ ತಿಳಿಯಲಿಲ್ಲ. ಜನರಲ್ಲಿ ಯಾರೋ, "ಅಂಗಾದ್ರೆ ನಮ್ಮ ಗೋಲ್‌ಕೀಪರ್ ಕೊಳ್ಳೇಗಾಲದೋನು ಕಣ್ರಲೇ" ಎಂದು ಕೂಗಿದ. ನಗು ಎದ್ದಿತು.

ಭಾವನ ಮುಖ ಕೆಂಪಾಯಿತು. ಸೋಲುವವನಲ್ಲ ಅವನು. ಸ್ವಲ್ಪ ಯೋಚಿಸಿ, ನಿಧಾನವಾಗಿ, ಎಲ್ಲರಿಗೂ ಕೇಳಲಿ ಎಂದು ಮೈಕಿನ ಹತ್ತಿರವೇ ಹೇಳಿದ. "ಸರಿ ಕಣವ್ವ. ನೀನೆಲ್ಲಿ ಉಟ್ಟಿದ್ದು? ಮೂಗೂರಲ್ಲಿ. ಮೂಗೂರು ಯಾವ್ ತಾಲ್ಲೂಕು? ನಮ್ಮುದು. ನೀನು ಉಟ್ಟಿದ್ದೂ ನಮ್ಮ ತಾಲ್ಲೂಕಲ್ಲಿ, ಸೇರಿದ್ದೂ ನಮ್ಮೂರಿಗೆ. ನಿಂಗೆಲ್ಲಿಂದ ಬಂತು ನಂಜನಗೂಡು?"

ಇದನ್ನು ನಾನು ಯೋಚಿಸಿರಲಿಲ್ಲ. ಮನೆ ಮನೆ ಸುತ್ತಿ ಎಲ್ಲರ ಹುಟ್ಟೂರು ಕೆದಕಿದವಳು ನನ್ನದನ್ನು ಮರೆತಿದ್ದೆ. ಸೈಕಲ್ ಬಾರಿನ ಮೇಲೆ ಕೂತು ಹೋದದ್ದು, ಬಾಳೆಹಣ್ಣು ಹಂಚಿದ್ದು, ಅಪ್ಪನ ಹಸಿರು ಕತ್ತು ಇವೆಲ್ಲ ಯಾವ ತಾಲ್ಲೂಕಿಗೆ ಸೇರುತ್ತವೆ? ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದ ಎಂದು ಹುಡುಕಿದೆ. ಅವನು ಹೇಳುತ್ತಿದ್ದದ್ದು ಒಂದೇ ಮಾತು, ಅದು ನಿಲ್ಲುವ ಮಾತು. ನಿಂತೆ.

"ನಾನು ಆಡಕ್ ಬಂದಿಲ್ಲ ಭಾವ, ಕೂಗಕ್ ಬಂದಿದ್ದೀನಿ. ಕೂಗೋರ್ಗೆ ನೀವು ರೂಲ್ಸ್ ಬರ್ದಿಲ್ಲ. ಬರುದ್ರೂವೆ ಕೇಳಕ್ಕಿಲ್ಲ."

"ಅದೆಲ್ಲ ಬ್ಯಾಡ. ಉಟ್ಟಿದ ಊರೇ ಊರು. ಎರಡ್ನೇ ಮಾತಿಲ್ಲ!" ಭಾವ ಮೇಜು ಗುದ್ದಿದ.

"ನೀನೆಲ್ಲಿ ಉಟ್ಟಿದ್ದು ಅಂತ ಗೊತ್ತೇನ್ಲಾ?"

ದನಿ ಸ್ಕೂಲಿನ ಜಗಲಿಯ ಕಡೆಯಿಂದ ಬಂತು. ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು. ಯಾವಾಗ ಬಂದರೋ, ನನಗಂತೂ ತಿಳಿಯದು. ಆ ಮೈದಾನಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು. ಅವರು ಎದ್ದು ನಿಂತರು.

"ಸುತ್ತೂರಲ್ಲಿ ಕಣ್ಲಾ. ನಮ್ಮಪ್ಪನ ಮನೇಲಿ. ನಂಜನಗೂಡು ತಾಲ್ಲೂಕು. ನೀನೂ ಚೊಚ್ಚಲೇ. ಓಗು, ನೀನೂ ಒಂದ್ ಅಸ್ರು ಅಂಗಿ ಆಕ್ಕೊ."

ಭಾವನ ಕೈ ಮೈಕಿನ ಮೇಲೆಯೇ ಇತ್ತು. ಮೈದಾನವೆಲ್ಲ ಗೊಳ್ ಎಂದಿತು. ನನ್ನ ಗಂಡ, ಫುಟ್‌ಬಾಲಿಗೆ ನಿದ್ದೆ ಮಾಡುವ ನನ್ನ ಗಂಡ, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟ. ಭಾವ ತಾಯಿಯನ್ನು ನೋಡಿದ, ನನ್ನನ್ನು ನೋಡಿದ. ಕಡೆಗೆ ಮೈಕಿನಲ್ಲಿ, "ಆಟ ಸುರು ಮಾಡ್ರಪ್ಪ" ಎಂದು ಕೂತುಕೊಂಡ.

ಅವರ ಕಡೆಯ ಗೋಲ್‌ಕೀಪರ್ ಕೊಳ್ಳೇಗಾಲದಲ್ಲಿ ಹುಟ್ಟಿದವನು ಎಂದು ನಾನು ಎತ್ತಬಹುದಿತ್ತು. ಎತ್ತಲಿಲ್ಲ. ಎದುರಿಗೂ ಹನ್ನೊಂದು ಜನ ನಿಲ್ಲಬೇಕಲ್ಲ.

ಆ ಮ್ಯಾಚು ನಾವು ಸೋತೆವು, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ಹುಡುಗರಿಗೂ ನಮ್ಮ ಏಳು ಜನಕ್ಕೂ ಹೊಂದಿಕೆ ಇರಲಿಲ್ಲ. ಕೂತು ಕೂತು ಬೇರು ಬಿಟ್ಟಿದ್ದವನೊಬ್ಬ ಅಭ್ಯಾಸಬಲದಿಂದ ನೀಲಿ ಅಂಗಿಯವನಿಗೇ ಚೆಂಡು ಕೊಟ್ಟು ಬಂದ. ಒಂದೇ ಗೋಲಿನ ಸೋಲು. ಆದರೆ ಹನ್ನೊಂದು ಜನ ನಿಂತ ಮೇಲೆ ಸೋತದ್ದು. ಅಪ್ಪ ಇದ್ದಿದ್ದರೆ ಅದನ್ನು ಒಪ್ಪುತ್ತಿದ್ದ. ಮುಂದಿನ ವರ್ಷ ಕಮಿಟಿಯವರು ಆ ರೂಲ್ಸನ್ನು ಸದ್ದಿಲ್ಲದೆ ಕೈಬಿಟ್ಟರು. ರೂಮಿನ ಹುಡುಗರು ತಿರುಗಿ ಬಂದರು, ಚೊಚ್ಚಲು ಮಕ್ಕಳಲ್ಲಿ ಇಬ್ಬರು ನಮ್ಮಲ್ಲೇ ಉಳಿದರು, ತಮ್ಮ ಅಂಗಿ ದಾನ ಕೊಡುವ ಮಾತನ್ನು ಮತ್ತೆ ಎತ್ತಲಿಲ್ಲ.

ನನಗೆ ಆ ದಿನದಲ್ಲಿ ಉಳಿದಿರುವುದು ಸೋಲೂ ಅಲ್ಲ, ಭಾವನ ಮುಖವೂ ಅಲ್ಲ. ಅರ್ಧ ಆಟ ಮುಗಿದಿತ್ತು. ಮಗಳು ಬಾಳೆಹಣ್ಣು ಹಂಚುತ್ತಿದ್ದಳು. ಅತ್ತೆ ಜಗಲಿಯಿಂದ ಇಳಿದು, ಮೈದಾನದ ಅಂಚು ಹಿಡಿದು ಬರುತ್ತಿರುವುದು ಕಾಣಿಸಿತು. ಮಗನ ಮೇಜಿನ ಮುಂದೆಯೇ ಹಾದು ಬಂದರು. ನಾಲ್ವರು ತಾಯಂದಿರು ಸರಿದು ಜಾಗ ಕೊಟ್ಟರು. ಅತ್ತೆ ನನ್ನ ಪಕ್ಕದಲ್ಲಿ ಕೂತು, ಮಂಡಿ ಸವರಿಕೊಂಡು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಆಟ ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ನನ್ನ ಕಡೆ ಬಗ್ಗಿ, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದರು.

"ನಮ್ಮೋರು ಯಾವ್ ಅಂಗಿಯೋರವ್ವ ಇದ್ರಲ್ಲಿ?"

ನಾನು ಮೈದಾನದ ಕಡೆ ಕೈ ತೋರಿಸಿದೆ.

"ಅಸ್ರು ಅಂಗಿ, ಅತ್ತೆ."

ಚೆಂಡು ನಮ್ಮ ಕಡೆಗೇ ಬಂತು. ಹಸಿರು ಅಂಗಿಯ ಹುಡುಗನೊಬ್ಬ ಅದರ ಹಿಂದೆ ಓಡಿದ. ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತರು.

"ಒದಿಯೋ ನನ್ನಪ್ಪ! ಒದಿ!"

ಮೇಜಿನ ಹಿಂದಿದ್ದ ಭಾವ ತಾಯಿಯ ದನಿಗೆ ತಿರುಗಿ ನೋಡಿದ. ಅತ್ತೆ ಅವನ ಕಡೆ ನೋಡಲಿಲ್ಲ. ನಾನೂ ಎದ್ದು ಅವರ ಪಕ್ಕದಲ್ಲಿ ನಿಂತು ಕೂಗಿದೆ.